ರೋಗಕ್ಕಿಂತ ಮೊದಲು ಪ್ರಾಣಿಯನ್ನು ನೋಡೋಣ



ಸಾಕುಪ್ರಾಣಿಗಳ ಸಮಗ್ರ ಆರೈಕೆಯನ್ನು ಕುರಿತ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ನಿಮ್ಮ ವಿಶ್ವಾಸಕ್ಕೆ ನಾನು ಋಣಿ.

ಸಮಗ್ರ ಆರೈಕೆಯ ಮೊದಲ ಪಾಠವನ್ನು ನನಗೆ ಕಲಿಸಿದವರು ಹಳ್ಳಿಯ ರೈತರು. ಪಶು ಚಿಕಿತ್ಸಾಲಯಕ್ಕೆ ಹಸು ಹಿಡಿದುಕೊಂಡು ಬಂದವರು, ನಾನು ಕೇಳುವ ಮೊದಲೇ, “ನಿನ್ನೆ ಸಂಜೆಯಿಂದ ಮೆಲುಕು ಹಾಕಿಲ್ಲ ಸಾರ್, ಮೂತಿ ಒಣಗಿದೆ, ಸಗಣಿ ಗಟ್ಟಿ, ಮೊನ್ನೆ ಹೊಸ ಮೇವು ಹಾಕಿದ್ವಿ” ಎನ್ನುತ್ತಿದ್ದರು. ಅರ್ಧ ರೋಗನಿರ್ಣಯ ಅಲ್ಲೇ ಆಗಿಬಿಡುತ್ತಿತ್ತು. ಬೆಂಗಳೂರಿಗೆ ಬಂದು ನಾಯಿ, ಬೆಕ್ಕುಗಳನ್ನು ನೋಡತೊಡಗಿದಾಗ ಪೋಷಕರಲ್ಲಿ ಪ್ರೀತಿ ಧಾರಾಳವಾಗಿ ಕಂಡಿತು. ಆದರೆ ನಿನ್ನೆ ಎಷ್ಟು ನೀರು ಕುಡಿಯಿತು ಎಂದು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ರೈತರ ಆ ಕಣ್ಣನ್ನು ನಗರದ ಕ್ಲಿನಿಕ್ಕಿಗೂ ತರಬೇಕೆಂಬುದು ಅಂದಿನಿಂದ ನನ್ನ ಹಂಬಲ.

ಒಂದು ಲ್ಯಾಬ್ರಡಾರ್ ನಾಯಿಯ ಉದಾಹರಣೆ ಕೊಡುತ್ತೇನೆ. ಅದಕ್ಕೆ ತೀರದ ತುರಿಕೆ. ಇಂಜೆಕ್ಷನ್ ಹಾಕಿಸಿದರೆ ಕೆಲವು ದಿನ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಸವರಿ ನೋಡಿದರೆ ಪಕ್ಕೆಲುಬು ಕೈಗೆ ಸಿಗದಷ್ಟು ಕೊಬ್ಬು. ಕಿವಿಯೊಳಗೆ ಕಂದು ಕೊಳೆ. ಬಾಲದ ಬುಡದಲ್ಲಿದ್ದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದಾಗ ಹತ್ತಿ ಕೆಂಪಾಯಿತು. ಅದು ಚಿಗಟಗಳ ಹಿಕ್ಕೆ, ಅವು ಹೀರಿದ ರಕ್ತ. ಎರಡು ಹೊತ್ತೂ ಮೊಸರನ್ನ, ನಡುನಡುವೆ ಬಿಸ್ಕತ್ತು, ಓಡಾಟ ಗೇಟಿನವರೆಗೆ ಮಾತ್ರ. ಚಿಗಟಕ್ಕೆ ಔಷಧ ಕೊಟ್ಟು, ಅದು ಮಲಗುವ ಹಾಸಿಗೆಯನ್ನೂ ಬಿಸಿನೀರಿನಲ್ಲಿ ಒಗೆಸಿ, ಕಿವಿಯ ಸೋಂಕಿಗೆ ಚಿಕಿತ್ಸೆ ಮಾಡಿ, ಊಟಕ್ಕೆ ಅಳತೆ, ನಡಿಗೆಗೆ ಹೊತ್ತು ಗೊತ್ತುಮಾಡಿದೆವು. ತುರಿಕೆ ನಿಂತಿತು, ತೂಕವೂ ಇಳಿಯಿತು. ಇಲ್ಲಿ ಔಷಧವೂ ಬೇಕಿತ್ತು, ಮನೆಯ ರೂಢಿಯೂ ಬದಲಾಗಬೇಕಿತ್ತು. ಸಮಗ್ರ ಆರೈಕೆಯೆಂದು ನಾನು ನಂಬಿರುವುದು ಇದನ್ನೇ.

ಆಹಾರದ ಮಾತನ್ನು ಒತ್ತಿ ಹೇಳಲು ಕಾರಣವಿದೆ. 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೊತೆಯವುಗಳಿಗಿಂತ ಶೇ. 25ರಷ್ಟು ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಅವುಗಳಲ್ಲಿ ಕೀಲುನೋವು ಕಾಣಿಸಿಕೊಂಡದ್ದೂ ತಡವಾಗಿ. ತಾಪಮಾನ, ನಾಡಿ, ಉಸಿರಾಟ, ನೋವುಗಳ ಜೊತೆಗೆ ಪೋಷಣೆಯನ್ನೂ ಪ್ರತಿ ಭೇಟಿಯಲ್ಲಿ ಪರೀಕ್ಷಿಸಬೇಕೆಂದು ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘಟನೆ 2011ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಇನ್ನು ನಮ್ಮ ಪರಂಪರೆಯ ಮಾತು. ಚಾಲುಕ್ಯರ ಕಾಲದಲ್ಲಿ ಕೀರ್ತಿವರ್ಮ ಕನ್ನಡದಲ್ಲೇ ‘ಗೋವೈದ್ಯ’ ಬರೆದ ನಾಡು ಇದು. ಇಂದು ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣದ ಲೇಪವನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ರೈತರಿಗೆ ಕಲಿಸುತ್ತಿದೆ. ಆ್ಯಂಟಿಬಯೊಟಿಕ್ ಬಳಕೆ ತಗ್ಗಿಸುವ ಈ ಪ್ರಯತ್ನ ನನಗೆ ಹೆಮ್ಮೆ ತರುತ್ತದೆ. ಆದರೆ ಹಸುವಿಗೆ ಒಗ್ಗಿದ್ದೆಲ್ಲ ಬೆಕ್ಕಿಗೆ ಒಗ್ಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಟೀ ಟ್ರೀ ಎಣ್ಣೆಯೂ ಈ ಪ್ರಾಣಿಗಳಿಗೆ ವಿಷ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಗಿಡಮೂಲಿಕೆಯಾಗಲಿ ಆಧುನಿಕ ಔಷಧವಾಗಲಿ, ಪ್ರಾಣಿಯ ಜಾತಿ, ತೂಕ, ವಯಸ್ಸು ನೋಡಿ, ಪುರಾವೆ ಕೇಳಿಯೇ ಬಳಸಬೇಕು. ದನಗಳಿಗೆ ಕೊಟ್ಟ ನೋವುನಿವಾರಕ ಡೈಕ್ಲೋಫೆನಾಕ್‌ನಿಂದ, ಅವುಗಳ ಕಳೇಬರ ತಿಂದ ನಮ್ಮ ರಣಹದ್ದುಗಳು ಅಳಿವಿನ ಅಂಚಿಗೆ ಬಂದವು. 2006ರಲ್ಲಿ ಅದರ ಪಶು ಬಳಕೆಗೆ ನಿಷೇಧ ಬಿತ್ತು. ಔಷಧದ ಪರಿಣಾಮ ರೋಗಿಯ ಮೈಯಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮತ್ತೊಂದು ಮಾತು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹುತೇಕ ಅಸಾಧ್ಯ. ‘ನೈಸರ್ಗಿಕ’ ಹೆಸರಿನಲ್ಲಿ ಲಸಿಕೆ ಬಿಡಿಸುವವರು ಪ್ರಾಣಿಗೂ ಮನೆಮಂದಿಗೂ ದ್ರೋಹ ಮಾಡುತ್ತಾರೆ. ಅಂಥ ಸಲಹೆ ಈ ಸಮ್ಮೇಳನದ ಹೆಸರಿನಲ್ಲಿ ಎಂದೂ ಹೊರಡಕೂಡದು.

ಬಂಧುಗಳೇ, ವೈದ್ಯರು ಪ್ರತಿ ಪ್ರಾಣಿಯ ತೂಕ ಮತ್ತು ಊಟವನ್ನು ಚೀಟಿಯಲ್ಲಿ ಬರೆಯುವುದನ್ನು ನಾಳೆಯಿಂದಲೇ ಆರಂಭಿಸೋಣ. ಕಾಲೇಜುಗಳು ಪೋಷಣೆ ಮತ್ತು ಪ್ರಾಣಿವರ್ತನೆಗೆ ಪ್ರಾಯೋಗಿಕ ತರಗತಿಗಳನ್ನು ಹೆಚ್ಚಿಸಲಿ. ಸಂಶೋಧಕರು ನಮ್ಮ ಮನೆಮದ್ದುಗಳನ್ನು ನಾಯಿ, ಬೆಕ್ಕುಗಳಲ್ಲಿ ಶಿಸ್ತಿನಿಂದ ಪರೀಕ್ಷಿಸಿ, ಗೆದ್ದದ್ದನ್ನೂ ಸೋತದ್ದನ್ನೂ ಪ್ರಕಟಿಸಲಿ. ಪೋಷಕರಲ್ಲಿ ನನ್ನ ಬೇಡಿಕೆ ಇಷ್ಟೇ: ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಕೊಡಬೇಡಿ, ಕೊಡುತ್ತಿರುವುದನ್ನು ನಿಲ್ಲಿಸಲೂಬೇಡಿ. ದಿನಕ್ಕೊಮ್ಮೆ ನಿಮ್ಮ ಪ್ರಾಣಿಯನ್ನು ತಲೆಯಿಂದ ಬಾಲದವರೆಗೆ ಕೈಯಾಡಿಸಿ ನೋಡಿ.