ನಮ್ಮ ಕೂಲಿ ಎಲ್ಲಿ ಬರೆದಿದ್ದೀರಿ?



ಮುನ್ನೂರು, ಐನೂರು ಪ್ರತಿಗಳಂತೆ ಆಟಗಳನ್ನು ಅಚ್ಚು ಹಾಕಿಸಿ ಮಾರುವ ನಾವೆಲ್ಲ ಒಂದೆಡೆ ಸೇರುವುದು ಅಪರೂಪ. ಪ್ರಕಾಶನ, ಸಂಸಾರ ಎರಡನ್ನೂ ತೂಗಿಸುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಸಮಯದ ಬಗ್ಗೆಯೇ ಇರುತ್ತದೆ: ಬೆಳಗ್ಗೆ ಬೇಗ ಏಳಿ, ಭಾನುವಾರ ಕೆಲಸ ಮುಟ್ಟಬೇಡಿ. ಇದನ್ನೆಲ್ಲ ನಾನೂ ಮಾಡಿ ನೋಡಿದ್ದೇನೆ. ಕೊನೆಗೆ ನನಗೆ ತೊಂದರೆಯ ಬೇರು ಕಂಡದ್ದು ಪೆಟ್ಟಿಗೆಯ ಮೇಲೆ ನಾವು ಹಾಕುವ ಬೆಲೆಯಲ್ಲಿ.

ಮೂರು ವರ್ಷದ ಹಿಂದಿನ ಮಾತು. ನವರಾತ್ರಿಗೆ ಹತ್ತು ದಿನ ಇತ್ತು. ನಮ್ಮ ಆಟಗಳು ಚೆನ್ನಾಗಿ ಹೋಗುವುದು ದಸರೆಯಿಂದ ದೀಪಾವಳಿವರೆಗೆ. ಮನೆಗೆ ನಾವು ಹೆಚ್ಚು ಬೇಕಾಗುವುದೂ ಆಗಲೇ. ಅಚ್ಚಾಗಿ ಬಂದ 54 ಕಾರ್ಡುಗಳಲ್ಲಿ ಐದರ ಬೆನ್ನಿನ ಚಿತ್ರ ಎರಡು ಮಿಲಿಮೀಟರ್ ಸರಿದಿತ್ತು. ಬೆನ್ನು ನೋಡಿ ಗುರುತು ಹಿಡಿಯಬಹುದಾದ ಕಾರ್ಡಿನಲ್ಲಿ ಆಟ ನಡೆಯುವುದಿಲ್ಲ. ಮುದ್ರಕರು ಐದನ್ನೂ ಮತ್ತೆ ಅಚ್ಚು ಹಾಕಿಕೊಟ್ಟರು. ಆದರೆ 300 ಪೆಟ್ಟಿಗೆ ಬಿಚ್ಚಿ, ಹಳೆಯದನ್ನು ಹುಡುಕಿ ತೆಗೆದು, ಹೊಸದನ್ನು ಸೇರಿಸಬೇಕಿತ್ತು. ಒಂದಕ್ಕೆ ನಾಲ್ಕು ನಿಮಿಷ. ಒಟ್ಟು 20 ಗಂಟೆ.

ಗೊಂಬೆ ಕೂರಿಸುವ ಜಾಗದಲ್ಲಿ ಪೆಟ್ಟಿಗೆಗಳು ಎದ್ದು ನಿಂತಿದ್ದವು. ಮಂಡಿ ನೋವಿನ ಅಮ್ಮ ಮಂಚದ ಮೇಲೆ ಮೊರ ಇಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕಾರ್ಡು ಆರಿಸಿದರು. ಕವಡೆಗಳನ್ನು ಆರಾರು ಎಣಿಸಿ ಬಟ್ಟೆ ಚೀಲಕ್ಕೆ ತುಂಬುತ್ತಿದ್ದ ಮಗಳು ಕೂತಲ್ಲೇ ನಿದ್ದೆ ಹೋದಳು. ಎತ್ತಿ ಮಲಗಿಸುವಾಗ ಮುಷ್ಟಿ ಬಿಡಿಸಿದೆ. ಅಂಗೈಯಲ್ಲಿ ಕವಡೆಯ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು.

ಹಬ್ಬ ಕಳೆದ ಮೇಲೆ ನನ್ನ ಹೆಂಡತಿ ಲೆಕ್ಕದ ಪುಸ್ತಕ ತೆರೆದು ಕೇಳಿದಳು: “ರೀ, ಕಾಗದ ಇದೆ, ಲ್ಯಾಮಿನೇಷನ್ ಇದೆ, ಕೊರಿಯರ್ ಇದೆ. ನಮ್ಮ ಕೂಲಿ ಎಲ್ಲಿ ಬರೆದಿದ್ದೀರಿ?”

ಬರೆದಿರಲಿಲ್ಲ. ತಯಾರಿಕೆಯ ಖರ್ಚಿನ ಐದು ಪಟ್ಟು ಬೆಲೆ ಇಡಬೇಕೆಂಬುದು ಆಟದ ಪ್ರಕಾಶನದಲ್ಲಿ ಬಹಳ ಕಾಲದಿಂದ ಕೇಳಿಬರುವ ಮಾತು. ವಿತರಕರು ಮತ್ತು ಅಂಗಡಿಯವರ ಪಾಲೇ ಅರ್ಧಕ್ಕಿಂತ ಹೆಚ್ಚಾಗುವುದರಿಂದ ಅದು ದುರಾಸೆಯಲ್ಲ. ಕೊಳ್ಳುವವರು ಹಿಂಜರಿದಾರು ಎಂಬ ಅಳುಕಿನಲ್ಲಿ ನಾನು ಎರಡೂವರೆ ಪಟ್ಟಿಗೆ ನಿಲ್ಲಿಸಿದ್ದೆ. ಕಡಿಮೆ ಬಿದ್ದದ್ದನ್ನು ನನ್ನ ಮನೆ ರಾತ್ರಿ ನಿದ್ದೆಗೆಟ್ಟು ತುಂಬಿಕೊಟ್ಟಿತ್ತು.

ಇದು ನಮ್ಮ ಕಸುಬಿನಲ್ಲಿ ಹಳೆಯ ಕತೆ. ಅಮೆರಿಕದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಲ್ಲಿ, ವಿಮಾ ಕಂಪನಿಯ ಕೆಲಸ ಕಳೆದುಕೊಂಡ ಗ್ಯಾರಿ ಗೈಗ್ಯಾಕ್ಸ್ ಮನೆಯಲ್ಲೇ ಚಪ್ಪಲಿ, ಶೂ ರಿಪೇರಿ ಮಾಡುತ್ತ ಐದು ಮಕ್ಕಳ ಸಂಸಾರ ನಡೆಸುತ್ತಿದ್ದರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಗಿ ಬೆಳೆದ ಆಟವನ್ನು 1972ರಲ್ಲಿ ಅವರ ಮನೆಯಲ್ಲಿ ಮೊದಲು ಆಡಿ ನೋಡಿದ್ದು ಮಕ್ಕಳಾದ ಅರ್ನಿ ಮತ್ತು ಎಲೀಸ್. 1973ರಲ್ಲಿ ಗೆಳೆಯ ಡಾನ್ ಕೇ ಜೊತೆ ಕಂಪನಿ ಶುರುವಾಯಿತು, 1974ರಲ್ಲಿ ಮೊದಲ ಸಾವಿರ ಪ್ರತಿ ಬಂದವು. ಆ ಪೆಟ್ಟಿಗೆಗಳನ್ನು ಕೈಯಾರೆ ಜೋಡಿಸಿದ್ದು ಮನೆಯಲ್ಲಿ. ಮರುವರ್ಷ ಜನವರಿಯಲ್ಲಿ ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡರು. ಪೆಟ್ಟಿಗೆಗಳ ರಾಶಿ ಗೈಗ್ಯಾಕ್ಸ್ ಮನೆಯ ನೆಲಮಾಳಿಗೆ ಸೇರಿತು. ಆಟದ ಇತಿಹಾಸ ಓದುವಾಗ ನಾವು ನಿಯಮಗಳ ಬಗ್ಗೆ ಓದುತ್ತೇವೆ. ಆ ನೆಲಮಾಳಿಗೆಯ ಮೇಲೆ ಅಡುಗೆ ಮಾಡಿ ಐದು ಮಕ್ಕಳನ್ನು ಸಾಕಿದ, ಗೈಗ್ಯಾಕ್ಸ್ ಅವರ ಹೆಂಡತಿ ಮೇರಿ ಜೋ ಬಗ್ಗೆಯೂ ನಾನು ಯೋಚಿಸುತ್ತೇನೆ.

ಇನ್ನೊಂದು ಬಗೆಯ ಮನೆಯೂ ಇದೆ. ವಿನ್ಸೆಂಟ್ ಬೇಕರ್ ಮತ್ತು ಮೆಗ್ವಿ ಬೇಕರ್ ದಂಪತಿ ಮಕ್ಕಳನ್ನು ಬೆಳೆಸುತ್ತಲೇ ಆಟ ಕಟ್ಟಿದವರು. 2010ರಲ್ಲಿ ಮೊದಲು ಬಂದ ‘ಅಪೋಕಲಿಪ್ಸ್ ವರ್ಲ್ಡ್’ ಆಟದ ಎರಡನೇ ಆವೃತ್ತಿಯ ಮೇಲೆ ಇಬ್ಬರ ಹೆಸರೂ ಇದೆ. ಹೆಸರು ಹಾಕುವುದೂ ಕೂಲಿಯ ಒಂದು ಭಾಗ ಎಂದೇ ನನ್ನ ಎಣಿಕೆ.

ಕೂಲಿಯಲ್ಲಿ ತೀರದ ಒಂದು ಬಾಕಿಯೂ ಉಂಟು. ಒಮ್ಮೆ ಹೊಸ ಆಟ ಹಾಸಿ ಮಗಳನ್ನು ಕರೆದೆ. ಅವಳು ಬಂದು, ನನ್ನ ಪಕ್ಕದ ನೋಟ್‌ಬುಕ್ ನೋಡಿ, “ಅಪ್ಪಾ, ಇದು ಆಟಾನಾ, ಟೆಸ್ಟಾ?” ಎಂದಳು. ಅವಳ ದಾಳ ಬಿದ್ದಾಗಲೆಲ್ಲ ನಾನು ಏನೋ ಗೀಚಿಕೊಳ್ಳುತ್ತಿದ್ದೆ. ಅವಳು ಗೆದ್ದದ್ದನ್ನು ಎಷ್ಟೋ ಸಲ ಗಮನಿಸಿಯೇ ಇರಲಿಲ್ಲ. ಈಗ ಪರೀಕ್ಷೆಗೆ ಹೊರಗಿನವರನ್ನು ಕರೆಯುತ್ತೇನೆ, ಊಟ ಹಾಕಿ, ಹಣ ಕೊಟ್ಟು. ಅದನ್ನೂ ಖರ್ಚಿಗೆ ಬರೆಯುತ್ತೇನೆ. ಪೆಟ್ಟಿಗೆ ಕಟ್ಟುವವರಿಗೆ, ಅಮ್ಮನೂ ಸೇರಿ, ಗಂಟೆಯ ಲೆಕ್ಕದಲ್ಲಿ ಕೂಲಿ ಇದೆ. ಬೆಲೆ ಏರಿತು. ಮಾರಾಟ ಸ್ವಲ್ಪ ಇಳಿಯಿತು. ವರ್ಷಕ್ಕೆ ಮೂರು ಆಟ ತರುತ್ತಿದ್ದವನು ಒಂದಕ್ಕೆ ಬಂದಿದ್ದೇನೆ. ಹಾಗೆ ಮಾಡಬಲ್ಲ ಅನುಕೂಲ ಎಲ್ಲರಿಗೂ ಇಲ್ಲ ಎಂಬುದು ನನಗೆ ಗೊತ್ತು. ಅದಕ್ಕಾಗಿಯೇ ಇದನ್ನು ನಾವು ಕೂಡಿ ಮಾತಾಡಬೇಕು.

ಮಧ್ಯಾಹ್ನದ ಗೋಷ್ಠಿಗೆ ಅಂಗಡಿಯವರೂ ವಿತರಕರೂ ಬರಲಿದ್ದಾರೆ. ಬೆಲೆ ಯಾಕಿಷ್ಟು ಎಂದು ಅವರು ಕೇಳಿದರೆ ಈ ಸಲ ನಾವು ರಿಯಾಯಿತಿಯ ಮಾತು ತೆಗೆಯುವುದು ಬೇಡ. ಖರ್ಚಿನ ಪಟ್ಟಿಯನ್ನೇ ಅವರ ಮುಂದಿಡೋಣ, ಮನೆಯವರ ಗಂಟೆಗಳೂ ಸೇರಿದ ಪಟ್ಟಿಯನ್ನು. ನನ್ನದನ್ನು ತಂದಿದ್ದೇನೆ, ಬರೆದವಳು ನನ್ನ ಹೆಂಡತಿ. ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ಲೆಕ್ಕದ ಪ್ರಶ್ನೆಗಳನ್ನು ಅವಳಿಗೇ ಕೇಳಿ.