ಒಂದು ಕಾರ್ಡು, ಮೂರು ಪರದೆ

ಕಂಪ್ಯೂಟರಿನಲ್ಲಿ ಕಾರೋಟದ ಆಟವಾಡುವ ಹುಡುಗರು ಮನೆಯವರ ಮುಂದಿಡುವ ಬೇಡಿಕೆಗಳಲ್ಲಿ ಒಂದು, ಮಾನಿಟರು ಒಂದು ಸಾಲದು, ಮೂರು ಬೇಕು ಎಂಬುದು. ಇದು ಬರಿಯ ಹಟವೆಂದು ತಾಯಿತಂದೆಗಳಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೂ ಬೇಡಿಕೆಯಲ್ಲಿ ಅರ್ಥವಿಲ್ಲದೆ ಇಲ್ಲ. ರಸ್ತೆಯ ಮೇಲೆ ನಿಜವಾದ ಕಾರು ನಡೆಸುವವನು ಎದುರಿನ ಗಾಜಿನಿಂದ ಮಾತ್ರ ನೋಡುವುದಿಲ್ಲ. ಎಡಬಲದ ಕಿಟಕಿಗಳತ್ತಲೂ ಅವನ ಕಡೆಗಣ್ಣು ಇದ್ದೇ ಇರುತ್ತದೆ. ಒಂದೇ ಪರದೆಯ ಮುಂದೆ ಕುಳಿತವನಿಗೆ ಆ ಕಡೆಗಣ್ಣಿನ ನೋಟವಿಲ್ಲ. 24 ಇಂಚಿನ ಮಾನಿಟರಿನ ಅಗಲ ಸುಮಾರು 53 ಸೆಂಟಿಮೀಟರು. ಅದರಿಂದ 60 ಸೆಂಟಿಮೀಟರು ದೂರದಲ್ಲಿ ಕುಳಿತರೆ ಅದು ಕಣ್ಣಿಗೆ ತುಂಬುವುದು ಸುಮಾರು 48 ಡಿಗ್ರಿ ಮಾತ್ರ. ಅಂಥವೇ ಮೂರನ್ನು ಕುಳಿತವನ ಸುತ್ತ ಬಾಗಿಸಿಟ್ಟರೆ ಸುಮಾರು 143 ಡಿಗ್ರಿಯಾಗುತ್ತದೆ. ಪಕ್ಕಕ್ಕೆ ಬಂದ ಎದುರಾಳಿಯ ಕಾರು ಆಗ ತಾನಾಗಿ ಕಣ್ಣಿಗೆ ಬೀಳುತ್ತದೆ.

ಹೀಗಿರುವಾಗ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮನೆಯಲ್ಲಿರುವ ಗ್ರಾಫಿಕ್ಸ್ ಕಾರ್ಡು, ಎಂದರೆ ಪರದೆಗೆ ಚಿತ್ರ ಬರೆದುಕೊಡುವ ಆ ಯಂತ್ರಭಾಗ, ಮೂರು ಪರದೆಗಳ ಭಾರವನ್ನು ಹೊರಬಲ್ಲದೆ? ಇದನ್ನು ತಿಳಿಯುವುದಕ್ಕೆ ಎರಡು ಎಣಿಕೆಗಳು ಬೇಕು. ಕೇಬಲ್ಲು ಸಿಕ್ಕಿಸುವ ಪೋರ್ಟುಗಳನ್ನು ಎಣಿಸುವುದು ಒಂದು. ಚಿತ್ರದ ಚುಕ್ಕೆಗಳನ್ನು, ಎಂದರೆ ಪಿಕ್ಸೆಲುಗಳನ್ನು, ಎಣಿಸುವುದು ಇನ್ನೊಂದು. ಮೊದಲನೆಯ ಎಣಿಕೆಯನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಮರೆಯುತ್ತಾರೆ. ಹಣ ಹಾಳಾಗುವುದು ಅಲ್ಲಿಯೇ.

ಮೂರು ಪರದೆಯ ಬಯಕೆ ನಿನ್ನೆ ಮೊನ್ನೆಯದಲ್ಲ. 1983ರಲ್ಲಿ ಜಪಾನಿನ ತಾತ್ಸುಮಿ ಸಂಸ್ಥೆ ಹೊರತಂದ ಟಿಎಕ್ಸ್-1 ಎಂಬ, ನಾಣ್ಯ ಹಾಕಿ ಆಡುವ ಕಾರೋಟದ ಯಂತ್ರದಲ್ಲಿಯೇ ಮೂರು ಪರದೆಗಳಿದ್ದವು. 1993ರಲ್ಲಿ ಬಂದ ಡೂಮ್ ಆಟದ ಮೊದಮೊದಲ ಆವೃತ್ತಿಗಳಲ್ಲಿ ಎಡ, ನಡು, ಬಲ ಎಂಬ ಮೂರು ನೋಟಗಳನ್ನು ತೋರಿಸಬಹುದಾಗಿತ್ತು. ಆದರೆ ಅದಕ್ಕೆ ಒಂದಕ್ಕೊಂದು ಜೋಡಿಸಿದ ಮೂರು ಕಂಪ್ಯೂಟರುಗಳೇ ಬೇಕಾಗುತ್ತಿದ್ದವು. 2002ರಲ್ಲಿ ಕೆನಡಾದ ಮ್ಯಾಟ್ರಾಕ್ಸ್ ಕಂಪನಿ ಪರ್ಹೀಲಿಯಾ ಎಂಬ ಒಂದೇ ಕಾರ್ಡಿನಿಂದ ಮೂರು ಮಾನಿಟರುಗಳಲ್ಲಿ ಆಟವಾಡಿಸಿತು. ಪೋರ್ಟುಗಳೇನೋ ಇದ್ದವು, ಆದರೆ ಆ ಕಾಲದ ಭಾರಿ ಆಟಗಳಿಗೆ ಕಾರ್ಡಿನ ವೇಗ ಸಾಲದೆ ಹೋಯಿತು. 2009ರಲ್ಲಿ ಎಎಂಡಿ ಕಂಪನಿ ಐಫಿನಿಟಿ ಎಂಬ ಏರ್ಪಾಡನ್ನು ತಂದಿತು. 2010ರಲ್ಲಿ ಎನ್‌ವಿಡಿಯಾ ಕಂಪನಿಯ ಸರೌಂಡ್ ಬಂತು. ಅದಕ್ಕೆ ಮೊದಲು ಎರಡು ಕಾರ್ಡುಗಳು ಬೇಕಾಗಿದ್ದವು, 2012ರ ಜಿಟಿಎಕ್ಸ್ 680ರಿಂದ ಒಂದೇ ಸಾಕಾಯಿತು.

ಈಗ ಪೋರ್ಟುಗಳ ಮಾತು. ಇಂದಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಒಂದು ಎಚ್‌ಡಿಎಂಐ, ಮೂರು ಡಿಸ್‌ಪ್ಲೇಪೋರ್ಟ್ ಇರುತ್ತವೆ. ಪೋರ್ಟು ಎಷ್ಟೋ ಮಾನಿಟರೂ ಅಷ್ಟೇ ಎಂದು ತಿಳಿಯಬಾರದು. 2016ರ ಜಿಟಿಎಕ್ಸ್ 1080 ಕಾರ್ಡಿಗೆ ಐದು ಪೋರ್ಟುಗಳಿದ್ದರೂ ಒಮ್ಮೆಗೆ ನಡೆಯುತ್ತಿದ್ದುದು ನಾಲ್ಕು ಮಾನಿಟರು ಮಾತ್ರ. ಆದ್ದರಿಂದ ಕಾರ್ಡಿನ ವಿವರಪಟ್ಟಿಯಲ್ಲಿ ಗರಿಷ್ಠ ಎಷ್ಟು ಮಾನಿಟರು ಎಂಬುದನ್ನು ಓದಿಕೊಳ್ಳತಕ್ಕದ್ದು.

ಕಂಪ್ಯೂಟರಿನ ಹಿಂಬದಿಯಲ್ಲಿ ಮದರ್‌ಬೋರ್ಡಿನದೇ ಒಂದು ಎಚ್‌ಡಿಎಂಐ ಇರುವುದುಂಟು. ಅದು ಯುಎಸ್‌ಬಿ ಪೋರ್ಟುಗಳ ನೆರೆಯಲ್ಲಿರುತ್ತದೆ. ಆಟದ ಪರದೆಯನ್ನು ಅದಕ್ಕೆ ಜೋಡಿಸಬಾರದು. ಮೂರು ಕೇಬಲ್ಲುಗಳೂ ಕಾರ್ಡಿನ ಪೋರ್ಟುಗಳಿಗೇ ಹೋಗಬೇಕು. ಒಂದು ಎಚ್‌ಡಿಎಂಐಯನ್ನು ಎರಡಾಗಿ ಸೀಳುವ ಸ್ಪ್ಲಿಟರ್ ಎಂಬ ಅಗ್ಗದ ಸಾಧನ ಅಂಗಡಿಯಲ್ಲಿ ಸಿಗುತ್ತದೆ. ಅದು ಒಂದೇ ಚಿತ್ರವನ್ನು ಎರಡು ಕಡೆ ತೋರಿಸುವುದೇ ಹೊರತು ಚಿತ್ರವನ್ನು ಅಗಲಿಸುವುದಿಲ್ಲ. ಹಾಗೆಯೇ ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಸಾಮಾನ್ಯ ಕೇಬಲ್ಲನ್ನು ತಿರುಗುಮುರುಗಾಗಿ ಹಾಕಿದರೆ ಚಿತ್ರ ಬರುವುದಿಲ್ಲ.

ಜೋಡಿಸಿದ ಮೇಲೆ ವಿಂಡೋಸ್ ಕೀಲಿಯನ್ನೂ ಪಿ ಅಕ್ಷರವನ್ನೂ ಒಟ್ಟಿಗೆ ಒತ್ತಿ ಎಕ್ಸ್‌ಟೆಂಡ್ ಎಂಬುದನ್ನು ಆರಿಸಬೇಕು. ನಡುವಿನ ಪರದೆಯಲ್ಲಿ ಆಟ, ಪಕ್ಕದವುಗಳಲ್ಲಿ ನಕ್ಷೆ, ಗೆಳೆಯರ ಮಾತುಕತೆ ಸಾಕು ಎನ್ನುವವರು ಇಲ್ಲಿಗೇ ನಿಲ್ಲಬಹುದು. ಅವರ ಕಾರ್ಡಿಗೆ ಹೆಚ್ಚಿನ ಭಾರ ಬೀಳುವುದಿಲ್ಲ. ಮೂರರಲ್ಲಿಯೂ ಒಂದೇ ಆಟ ಹರಡಬೇಕೆನ್ನುವವರು ಕಾರ್ಡಿನ ಸೆಟ್ಟಿಂಗ್ಸಿನಲ್ಲಿ ಐಫಿನಿಟಿಯನ್ನೋ ಸರೌಂಡನ್ನೋ ಏರ್ಪಡಿಸಬೇಕು. ಆಗ ಮೂರೂ ಸೇರಿ ಒಂದೇ ಅಗಲವಾದ ಪರದೆಯಾಗುತ್ತದೆ. ಇದಕ್ಕೆ ಒಂದೇ ಅಳತೆಯ, ಒಂದೇ ರಿಫ್ರೆಶ್ ರೇಟಿನ ಮೂರು ಮಾನಿಟರುಗಳಿರುವುದು ಲೇಸು. ಚೌಕಟ್ಟುಗಳ ಸಂದಿಯಲ್ಲಿ ರಸ್ತೆ ಮುರಿದಂತೆ ಕಾಣುವುದನ್ನು ಸರಿಪಡಿಸುವ ಅನುಕೂಲವೂ ಅಲ್ಲಿಯೇ ಉಂಟು. ಪಕ್ಕದ ಪರದೆಗಳಲ್ಲಿ ಚಿತ್ರ ಎಳೆದಂತೆ ಕಂಡರೆ ಮಾನಿಟರಿನ ದೋಷವೆಂದು ತಿಳಿಯಬೇಡಿ. ಚಪ್ಪಟೆ ಪರದೆಗೆಂದು ಬರೆದ ಒಂದೇ ಚಿತ್ರವನ್ನು ಅಗಲಿಸಿದ್ದರ ಫಲ ಅದು. ಐರೇಸಿಂಗ್‌ನಂಥ ಕೆಲವು ಆಟಗಳು ಮೂರು ಪರದೆಗಳ ಕೋನಗಳನ್ನು ಕೇಳಿಕೊಂಡು ಮೂರು ನೋಟಗಳನ್ನೂ ಬೇರೆ ಬೇರೆಯಾಗಿಯೇ ಬರೆಯುತ್ತವೆ.

ಇನ್ನು ಎರಡನೆಯ ಎಣಿಕೆ. ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಲಾಗಿ 1920, ಮೇಲಿನಿಂದ ಕೆಳಕ್ಕೆ 1080 ಚುಕ್ಕೆಗಳು, ಗುಣಿಸಿದರೆ 20,73,600. ಮೂರಕ್ಕೆ 62,20,800. ಒಂದು ಸೆಕೆಂಡಿಗೆ 60 ಚಿತ್ರಗಳಾದರೆ 37,32,48,000 ಚುಕ್ಕೆಗಳನ್ನು ಕಾರ್ಡು ಬಣ್ಣ ಹಾಕಿ ಕೊಡಬೇಕು. ಒಂದು ಪರದೆಯಲ್ಲಿ ನೀರಿನಂತೆ ಹರಿಯುತ್ತಿದ್ದ ಆಟ ಮೂರರಲ್ಲಿ ತಡವರಿಸುವುದು ಈ ಕಾರಣದಿಂದ. ಅಂಗಡಿಯವನು ಪೋರ್ಟುಗಳನ್ನು ಎಣಿಸಿ ಆದೀತು ಎಂದರೆ ಅವನ ಮಾತು ಸುಳ್ಳಲ್ಲ, ಅರ್ಧ ನಿಜ.

ಹಾಗಾದರೆ ಕೊಳ್ಳುವುದಕ್ಕೆ ಮುಂಚೆ ತಿಳಿಯುವ ಬಗೆ ಹೇಗೆ? ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎನ್‌ವಿಡಿಯಾ ಕಾರ್ಡುಗಳಲ್ಲಿ ಡಿಎಸ್‌ಆರ್ ಎಂದೂ ಎಎಂಡಿ ಕಾರ್ಡುಗಳಲ್ಲಿ ವರ್ಚುವಲ್ ಸೂಪರ್ ರೆಸಲ್ಯೂಷನ್ ಎಂದೂ ಒಂದು ಸೌಕರ್ಯವುಂಟು. ಅದರಿಂದ ಇರುವ ಒಂದೇ ಮಾನಿಟರಿನ ಮೇಲೆ ಆಟವನ್ನು 3840ಕ್ಕೆ 2160ರ ಅಳತೆಯಲ್ಲಿ ನಡೆಸಬಹುದು. ಕಾರ್ಡು ಆಗ 82,94,400 ಚುಕ್ಕೆಗಳ ಚಿತ್ರ ಬರೆದು, ಅದನ್ನು ಕುಗ್ಗಿಸಿ ತೋರಿಸುತ್ತದೆ. ಇದು ಮೂರು ಮಾನಿಟರುಗಳ ಲೆಕ್ಕಕ್ಕಿಂತ ಹೆಚ್ಚು. ಈ ಭಾರದಲ್ಲಿಯೂ ಆಟ ಸರಾಗವಾಗಿ ನಡೆದರೆ ಕಾರ್ಡು ಮೂರು ಪರದೆಗಳನ್ನು ಹೊತ್ತೀತೆಂದು ಬಹುಮಟ್ಟಿಗೆ ನಂಬಬಹುದು. ನೋಟ ಅಗಲವಾದಂತೆ ಕಾಣುವ ಗಿಡಮರಗಳೂ ಕಾರುಗಳೂ ಹೆಚ್ಚಿ, ಕಂಪ್ಯೂಟರಿನ ಪ್ರೊಸೆಸರಿಗೂ ಕೆಲಸ ಹೆಚ್ಚುವುದರಿಂದ ವೇಗದಲ್ಲಿ ಸ್ವಲ್ಪ ಉಳಿಕೆ ಇದ್ದರೆ ಒಳ್ಳೆಯದು.

ಪರೀಕ್ಷೆಯಲ್ಲಿ ಆಟ ತಡವರಿಸಿದರೆ ಎರಡು ದಾರಿಗಳಿವೆ. ನೆರಳು, ಪ್ರತಿಬಿಂಬಗಳ ಸೊಗಸನ್ನು ಆಟದ ಸೆಟ್ಟಿಂಗ್ಸಿನಲ್ಲಿ ತಗ್ಗಿಸಿ ಮತ್ತೊಮ್ಮೆ ನೋಡುವುದು ಒಂದು. 3440ಕ್ಕೆ 1440 ಅಳತೆಯ ಅಲ್ಟ್ರಾವೈಡ್ ಮಾನಿಟರು ಒಂದನ್ನೇ ಕೊಳ್ಳುವುದು ಇನ್ನೊಂದು. ಅದರ ಚುಕ್ಕೆಗಳು 49,53,600. ನೋಟ ಮೂರು ಪರದೆಗಳಷ್ಟು ಅಗಲವಾಗದು, ಆದರೆ ಭಾರವೂ ಅಷ್ಟಾಗದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಹಾಸಿಗೆಯ ಉದ್ದವನ್ನು ಮನೆಯಲ್ಲಿಯೇ, ಒಂದು ಸಂಜೆಯಲ್ಲಿ, ಅಳೆದುಕೊಳ್ಳಬಹುದಾಗಿದೆ. ಆ ಅಳತೆಯನ್ನು ಮಗನ ಕೈಯಿಂದಲೇ ಮಾಡಿಸಿ, ಬಂದ ಲೆಕ್ಕವನ್ನು ಮುಂದಿಟ್ಟುಕೊಂಡು ಮನೆಯವರು ತೀರ್ಮಾನಿಸಲಿ. ಆಗ ಕೊಟ್ಟರೂ ಕೊಡದಿದ್ದರೂ ಕಾರಣ ಇಬ್ಬರಿಗೂ ತಿಳಿದಿರುತ್ತದೆ.