ಕರೆಂಟಿನ ಜೋಡೆತ್ತು
(ಬೆಳ್ಳಿಹಬ್ಬದ ರೈತರ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ನಾನು ಎಸ್ಸೆಸ್ಸೆಲ್ಸಿ ಓದಿದವನು, ಇಂಜಿನಿಯರ್ ಅಲ್ಲ. ಆದರೆ ದುಡ್ಡು ಸುಟ್ಟುಕೊಂಡು ಕಲಿತ ಪಾಠ ಒಂದಿದೆ. ಅದನ್ನು ಹೇಳಲು ನಿಂತಿದ್ದೇನೆ.

ಪವರ್ ಫ್ಯಾಕ್ಟರ್ ಅಂದರೇನು? ನೊಗಕ್ಕೆ ಕಟ್ಟಿದ ಜೋಡೆತ್ತು ನೋಡಿ. ಸಮಕ್ಕೆ ಹೆಜ್ಜೆ ಹಾಕಿದರೆ ನೇಗಿಲು ಸಲೀಸು. ಒಂದು ಹಿಂದೆ ಬಿದ್ದರೆ ಬೆವರು ಹೆಚ್ಚು, ಉಳುಮೆ ಕಮ್ಮಿ. ವೋಲ್ಟೇಜು, ಕರೆಂಟು ಕೂಡ ಹಾಗೇ. ಮೋಟಾರಿನಲ್ಲಿ ಕರೆಂಟು ಹಿಂದೆ ಬೀಳುತ್ತದೆ. 4.5 ಕಿಲೋವ್ಯಾಟ್ ಎಳೆಯುವ ತ್ರೀಫೇಸ್ ಮೋಟಾರಿನ ಪವರ್ ಫ್ಯಾಕ್ಟರ್ 0.7 ಇದ್ದರೆ ಲೈನಿನಲ್ಲಿ ಸುಮಾರು 9 ಆಂಪಿಯರ್ ಹರಿಯಬೇಕು, 0.95ಕ್ಕೆ ತಂದರೆ ಸುಮಾರು 6.6 ಸಾಕು. ತಂತಿ ಕಾದು ಹೋಗುವ ನಷ್ಟ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಲೈನಿನ ಕೊನೆಯ ತೋಟದವನಿಗೂ ವೋಲ್ಟೇಜು ಸಿಗುತ್ತದೆ. "ಕರೆಂಟು ಪುಕ್ಕಟೆ, ನನಗ್ಯಾಕೆ ಕೆಪಾಸಿಟರು" ಅನ್ನುವವರು ಯೋಚಿಸಬೇಕು. ವೋಲ್ಟೇಜು ಬಿದ್ದು ಸುಡುವ ವೈಂಡಿಂಗ್ ಪುಕ್ಕಟೆ ಅಲ್ಲ.

ಹಿಂದೆ ಬಿದ್ದ ಎತ್ತನ್ನು ಕೆಪಾಸಿಟರು ಸಮಕ್ಕೆ ತರುತ್ತದೆ. ಆದರೆ ಈಗಿನ ಡ್ರೈವ್, ಬ್ಯಾಟರಿ ಚಾರ್ಜರುಗಳ ಕತೆ ಬೇರೆ. ಎ.ಸಿ.ಯನ್ನು ಡಿ.ಸಿ. ಮಾಡುವಾಗ ಅವು ಅಲೆಯ ತುದಿಯಲ್ಲಿ ಮಾತ್ರ ಕರೆಂಟನ್ನು ಗಬಕ್ಕನೆ ಎಳೆಯುತ್ತವೆ. ಇಲ್ಲಿ ಎತ್ತು ಹಿಂದೆ ಬಿದ್ದಿಲ್ಲ, ಕುಪ್ಪಳಿಸುತ್ತಿದೆ! ಬರೀ ಕೆಪಾಸಿಟರಿನಿಂದ ಇದು ಸರಿಹೋಗದು. ಅದಕ್ಕೇ ಒಳ್ಳೆಯ ಯಂತ್ರಗಳಲ್ಲಿ ಒಂದು ಸಣ್ಣ ಚಿಪ್ ಇಟ್ಟಿರುತ್ತಾರೆ. ಅದು ಸೆಕೆಂಡಿಗೆ ಸಾವಿರಾರು ಸಲ ವೋಲ್ಟೇಜು, ಕರೆಂಟು ಎರಡನ್ನೂ ಅಳೆದು, ಲೆಕ್ಕ ಹಾಕಿ, ಎಲೆಕ್ಟ್ರಾನಿಕ್ ಸ್ವಿಚ್ಚನ್ನು ತೆರೆದು ಮುಚ್ಚಿ, ಕರೆಂಟು ವೋಲ್ಟೇಜಿನ ಅಲೆಯನ್ನೇ ಹಿಂಬಾಲಿಸುವಂತೆ ಮಾಡುತ್ತದೆ. ಅದರೊಳಗೆ ಎರಡು ಲೆಕ್ಕ. ಕರೆಂಟು ತಿದ್ದುವ ಲೆಕ್ಕ ಬಲು ಚುರುಕು, ಡಿ.ಸಿ. ವೋಲ್ಟೇಜು ಕಾಯುವ ಲೆಕ್ಕ ಬೇಕೆಂದೇ ನಿಧಾನ. ಎರಡನೆಯದೂ ಅವಸರ ಮಾಡಿದರೆ ಅಲೆ ಮತ್ತೆ ಕೆಡುತ್ತದೆ.

ಈಗ ನನ್ನ ತಪ್ಪು ಹೇಳುತ್ತೇನೆ. ಕೊಳವೆಬಾವಿಗೆ ಡ್ರೈವ್ ಹಾಕಿಸಿದಾಗ, ಮೋಟಾರಿನ ಹಳೇ ಕೆಪಾಸಿಟರನ್ನು "ಇರಲಿ ಬಿಡಪ್ಪಾ" ಎಂದೆ. ಡ್ರೈವಿನಿಂದ ಹೊರಬರುವುದು ತುಂಡು ತುಂಡು ವೋಲ್ಟೇಜು. ಪ್ರತಿ ತುಂಡಿಗೂ ಕೆಪಾಸಿಟರು ಭಾರಿ ಕರೆಂಟು ಎಳೆಯುತ್ತದೆ. ಡ್ರೈವೇ ಸುಟ್ಟಿತು. ಆ ಬೇಸಿಗೆ ನನ್ನ ಅರ್ಧ ತೋಟ ಒಣಗಿತು. ಬೈಯಲು ಬೇರೆ ಯಾರೂ ಇರಲಿಲ್ಲ.

ಆದ್ದರಿಂದ ನನ್ನ ಬಿನ್ನಹ ಮೂರೇ. ನೇರ ಲೈನಿನ ಮೋಟಾರಿಗೆ ತಕ್ಕ ಅಳತೆಯ ಕೆಪಾಸಿಟರು ಹಾಕಿಸಿ. ಡ್ರೈವ್ ಇದ್ದರೆ ಅದರ ಮತ್ತು ಮೋಟಾರಿನ ನಡುವೆ ಕೆಪಾಸಿಟರು ಬೇಡವೇ ಬೇಡ. ಸಂಘಕ್ಕೆ ಯಂತ್ರ ತರುವಾಗ ಬೆಲೆಯ ಜೊತೆ ಪವರ್ ಫ್ಯಾಕ್ಟರನ್ನೂ ಬರಹದಲ್ಲಿ ಕೇಳೋಣ.

ಒಬ್ಬನ ಅಸಡ್ಡೆ ಇಡೀ ಲೈನಿಗೆ ಭಾರ. ಸಹಕಾರವೂ ಹೀಗೇ ಅಲ್ಲವೇ?